ಸಕ್ಕರೆಯೇ ಇಲ್ಲದ ಇಂಜೆಕ್ಷನ್

ಗೆಳೆಯ ಕನ್ನಡಿ ಮುಂದೆ ನಿಂತು ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದ. ಒಂದೇ ಗುಂಡಿ, ನಾಲ್ಕು ಸಲ ಜಾರಿತು. ಹಣೆ ತುಂಬ ಬೆವರು. "ಶುಗರ್ ನೋಡ್ಕೊಂಡ್ಯಾ?" ಅಂದೆ. "ನಂಗೇನೂ ಆಗಿಲ್ಲ, ಸುಮ್ನಿರೋ" ಎಂದು ರೇಗಿದ. ಅವನು ರೇಗುವ ಮನುಷ್ಯನೇ ಅಲ್ಲ. ಎರಡು ನಿಮಿಷದಲ್ಲಿ ಮಂಚದ ಅಂಚಿಗೆ ಕುಸಿದ. ಕರೆದರೆ ಓಗೊಡಲಿಲ್ಲ.

ಅಲ್ಲಿದ್ದ ಒಬ್ಬರು "ಶುಗರ್ ಪೇಷಂಟ್ ಅಲ್ವಾ, ಜಾಸ್ತಿ ಆಗಿರುತ್ತೆ, ಇನ್ಸುಲಿನ್ ಕೊಡಿ" ಎಂದರು. ಇನ್ನೊಬ್ಬರು ಸಕ್ಕರೆ ನೀರಿನ ಲೋಟ ಅವನ ಬಾಯಿಗೆ ಹಿಡಿಯಲು ಬಂದರು. ಇಬ್ಬರದೂ ಒಳ್ಳೆಯ ಮನಸ್ಸೇ. ಆದರೆ ಎರಡೂ ಪ್ರಾಣಕ್ಕೆ ಕುತ್ತು ತರುವ ಸಲಹೆ. ಅಷ್ಟರಲ್ಲಿ ಬೆರಳಿಗೆ ಚುಚ್ಚಿ ನೋಡಿದ್ದಾಯಿತು, ಮೀಟರ್ 34 ತೋರಿಸುತ್ತಿತ್ತು, ಶುಗರ್ ತೀರಾ ಇಳಿದಿತ್ತು. ಅವನ ಹೆಂಡತಿ ಒಂದು ಮಾತೂ ಆಡದೆ ಕಪಾಟಿನಿಂದ ಪುಟ್ಟ ಡಬ್ಬಿ ತಂದರು.

ಆ ಡಬ್ಬಿಯಲ್ಲಿದ್ದದ್ದು ಗ್ಲುಕಗಾನ್. ಸಕ್ಕರೆ ಕಾಯಿಲೆ ಇರುವ ಎಷ್ಟೋ ಮನೆಗಳಲ್ಲಿ ಇನ್ಸುಲಿನ್ ಹೆಸರು ಮಕ್ಕಳಿಗೂ ಗೊತ್ತು, ಗ್ಲುಕಗಾನ್ ಹೆಸರು ದೊಡ್ಡವರಿಗೂ ಗೊತ್ತಿರುವುದಿಲ್ಲ. ಹೇಳಿದರೆ "ಓ, ಸಕ್ಕರೆ ಇಂಜೆಕ್ಷನ್ನಾ" ಅನ್ನುತ್ತಾರೆ. ಅಲ್ಲ. ಅದರಲ್ಲಿ ಇರುವ ಔಷಧಿ 1 ಮಿಲಿಗ್ರಾಂ ಮಾತ್ರ. ಮನುಷ್ಯನನ್ನು ಎಬ್ಬಿಸಿ ಕೂರಿಸುವಷ್ಟು ಸಕ್ಕರೆ ಅದರಲ್ಲಿ ಹಿಡಿಸುವುದೇ ಇಲ್ಲ. ಹಾಗಾದರೆ ಆ ಸಕ್ಕರೆ ಎಲ್ಲಿಂದ ಬರುತ್ತದೆ?

ಒಂದು ಸಣ್ಣ ಲೆಕ್ಕ ಹಾಕೋಣ. ದೊಡ್ಡವರ ಮೈಯಲ್ಲಿ ಸುಮಾರು 5 ಲೀಟರ್ ರಕ್ತ. 100 ಮಿಲಿಲೀಟರಿಗೆ 90 ಮಿಲಿಗ್ರಾಂ ಗ್ಲೂಕೋಸ್ ಇದ್ದರೆ ಇಡೀ ರಕ್ತದಲ್ಲಿ ಸೇರಿ 4.5 ಗ್ರಾಂ ಆಯಿತು. ಸುಮಾರು ಒಂದು ಟೀ ಚಮಚ, ಅಷ್ಟೇ! ನನ್ನ ಗೆಳೆಯನ ರಕ್ತದಲ್ಲಿ ಆ ಹೊತ್ತಿಗೆ 2 ಗ್ರಾಂ ಕೂಡ ಇರಲಿಲ್ಲ. ಮೆದುಳಿಗೆ ದಿನಕ್ಕೆ ಸುಮಾರು 120 ಗ್ರಾಂ ಗ್ಲೂಕೋಸ್ ಬೇಕು, ಅದು ತನ್ನಲ್ಲಿ ಹೆಚ್ಚೇನೂ ಕೂಡಿಟ್ಟುಕೊಳ್ಳುವುದಿಲ್ಲ. ಅದಕ್ಕೇ ಮೊದಲು ಗುಂಡಿ ಜಾರುತ್ತದೆ, ಆಮೇಲೆ ಮಾತು ತೊದಲುತ್ತದೆ, ಕುಡಿದವರ ಹಾಗೆ ಕಾಣುತ್ತಾರೆ, ಕೊನೆಗೆ ಪ್ರಜ್ಞೆ ತಪ್ಪಿ ಫಿಟ್ಸ್ ಕೂಡ ಬರಬಹುದು. ಇದೇ ಹೊತ್ತಿನಲ್ಲಿ ಅದೇ ಮೈಯ ಲಿವರ್ ಒಳಗೆ ಗ್ಲೈಕೋಜನ್ ರೂಪದಲ್ಲಿ ಹತ್ತಾರು ಗ್ರಾಂ ಸಕ್ಕರೆ ಸುಮ್ನೆ ಕೂತಿರುತ್ತದೆ. ಹೊಟ್ಟೆ ತುಂಬ ಉಂಡ ಮೇಲಾದರೆ 100 ಗ್ರಾಂವರೆಗೂ ಇರುತ್ತದೆ. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಅಲೆದರು ಅಂತಾರಲ್ಲ, ಅದು ಈ ಸ್ಥಿತಿಗೆ ಅಕ್ಷರಶಃ ಹೊಂದುತ್ತದೆ. ಉಗ್ರಾಣ ತುಂಬಿದೆ, ಬಾಗಿಲಿಗೆ ಬೀಗ. ಗ್ಲುಕಗಾನ್ ಅಂದರೆ ಆ ಬೀಗದ ಕೀಲಿ.

ಲಿವರ್‌ನಲ್ಲಿ ಉಗ್ರಾಣ ಇದೆ ಅಂತ ಕಂಡುಹಿಡಿದ ಕಥೆಯನ್ನು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. 1855ರಲ್ಲಿ ಫ್ರಾನ್ಸಿನ ಕ್ಲೋಡ್ ಬರ್ನಾರ್ಡ್ ಒಂದು ಪ್ರಾಣಿಯ ಲಿವರ್ ತೆಗೆದು, ಅದರ ರಕ್ತನಾಳಗಳಲ್ಲಿ ನೀರು ಹಾಯಿಸಿ, ಸಕ್ಕರೆಯ ಸುಳಿವೇ ಇಲ್ಲದ ಹಾಗೆ ತೊಳೆದಿಟ್ಟರು. ಮರುದಿನ ಬಂದು ನೋಡಿದರೆ ಅದೇ ಲಿವರ್‌ನಲ್ಲಿ ಮತ್ತೆ ಸಕ್ಕರೆ! ರಕ್ತ ಇಲ್ಲ, ಆಹಾರ ಇಲ್ಲ, ಪ್ರಾಣಿಯೇ ಸತ್ತಿದೆ. ಅಂದರೆ ಒಳಗೆ ಯಾವುದೋ ದಾಸ್ತಾನು ಕರಗಿ ಸಕ್ಕರೆಯಾಗುತ್ತಿದೆ. ಆ ದಾಸ್ತಾನಿಗೇ ಗ್ಲೈಕೋಜನ್ ಎಂಬ ಹೆಸರು ಬಂತು.

ಕೀಲಿ ಸಿಕ್ಕಿದ್ದು ಇನ್ನೂ ಎಷ್ಟೋ ವರ್ಷಗಳ ಮೇಲೆ, ಅದೂ ಕಸ ಅಂದುಕೊಂಡದ್ದರಲ್ಲಿ. 1921ರಲ್ಲಿ ಇನ್ಸುಲಿನ್ ಬಂದ ಹೊಸದರಲ್ಲಿ ಮೇದೋಜೀರಕ ಗ್ರಂಥಿಯಿಂದ ತೆಗೆದ ಸಾರವನ್ನು ಚುಚ್ಚಿದರೆ ಶುಗರ್ ಇಳಿಯುವ ಮೊದಲು ಸ್ವಲ್ಪ ಹೊತ್ತು ಏರುತ್ತಿತ್ತು. ಬೆರಕೆ ಇರಬೇಕು ಎಂದು ಬಿಟ್ಟುಬಿಡಬಹುದಿತ್ತು. ಅಮೆರಿಕದ ಕಿಂಬಾಲ್ ಮತ್ತು ಮರ್ಲಿನ್ ಬಿಡಲಿಲ್ಲ, 1923ರಲ್ಲಿ ಆ ಬೆರಕೆಗೇ ಗ್ಲುಕಗಾನ್ ಎಂದು ಹೆಸರಿಟ್ಟರು. ಅದು ಗ್ರಂಥಿಯ ಆಲ್ಫಾ ಕೋಶಗಳಿಂದ ಬರುತ್ತದೆ ಎಂದು 1948ರಲ್ಲಿ ಸದರ್‌ಲ್ಯಾಂಡ್ ಮತ್ತು ಡಿ ಡ್ಯೂವ್ ತೋರಿಸಿದರು. 29 ಅಮೈನೋ ಆಮ್ಲಗಳ ಸರಪಣಿ ಎಂದು ಗೊತ್ತಾದದ್ದು 1957ರಲ್ಲಿ.

ಈಗ ನನಗೆ ತುಂಬಾ ಇಷ್ಟವಾದ ಭಾಗ. 1 ಮಿಲಿಗ್ರಾಂ ಕೀಲಿ ಗ್ರಾಂಗಟ್ಟಲೆ ಸಕ್ಕರೆಯನ್ನು ಹೇಗೆ ಹೊರಗೆ ತರುತ್ತದೆ? ಗ್ಲುಕಗಾನ್ ಲಿವರ್ ಕೋಶದ ಒಳಗೆ ಕಾಲೇ ಇಡಬೇಕಿಲ್ಲ. ಹೊರಗೋಡೆಯ ಮೇಲಿನ ಕರೆಗಂಟೆ ಒತ್ತುತ್ತದೆ, ಅಷ್ಟೇ. ಗಂಟೆಯ ಸದ್ದು ಒಳಗೆ ಸೈಕ್ಲಿಕ್ ಎಎಂಪಿ ಎಂಬ ಸಣ್ಣ ಅಣುಗಳಾಗಿ ಹರಡುತ್ತದೆ. ಒಂದು ಸಲ ಗಂಟೆ ಒತ್ತಿದರೆ ಏಳುವುದು ಒಬ್ಬ ಆಳಲ್ಲ, ಮಂದಿಗೆ ಮಂದಿಯೇ ಎದ್ದು ಓಡಿದ ಹಾಗೆ. ಅವರು ಹೋಗಿ ಒಂದು ಕಿಣ್ವವನ್ನು ಎಬ್ಬಿಸುತ್ತಾರೆ, ಅದು ಇನ್ನೊಂದನ್ನು, ಅದು ಮತ್ತೊಂದನ್ನು. ಪ್ರತಿ ಮೆಟ್ಟಿಲಿನಲ್ಲೂ ಗುಂಪು ದೊಡ್ಡದಾಗುತ್ತ ಹೋಗುತ್ತದೆ. ಒಂದು ಬೆಂಕಿಕಡ್ಡಿಯಿಂದ ಒಂದು ದೀಪ, ಆ ದೀಪದಿಂದ ಹತ್ತು, ಆ ಹತ್ತರಿಂದ ನೂರು ಹಚ್ಚಿದಂತೆ ಅಂದರೂ ಸರಿಯೇ. ಕಡ್ಡಿ ಇದ್ದದ್ದು ಒಂದೇ. ಕೊನೆಯ ಸಾಲಿನ ಕಿಣ್ವದ ಕೆಲಸ ಕೊಯ್ಲು. ಗ್ಲೈಕೋಜನ್ ಉದ್ದನೆಯ ದಾರ ಅಲ್ಲ, ಕವಲಿಗೆ ಕವಲೊಡೆದ ಮರ, ತುದಿಗಳು ಬೇಕಾದಷ್ಟು. ಆ ಕಿಣ್ವ ತುದಿಯಿಂದ ಒಂದೊಂದೇ ಗ್ಲೂಕೋಸ್ ಕೀಳುತ್ತದೆ ನಿಜ, ಆದರೆ ಎಷ್ಟೋ ತುದಿಗಳಲ್ಲಿ ಒಟ್ಟಿಗೇ ಕೀಳುವುದರಿಂದ ಕೆಲಸ ನಿಮಿಷಗಳಲ್ಲಿ ಆಗುತ್ತದೆ. ಸೈಕ್ಲಿಕ್ ಎಎಂಪಿ ಎಂಬ ಈ ಒಳಗಿನ ದೂತನನ್ನು ಪತ್ತೆ ಮಾಡಿದ್ದು ಅದೇ ಸದರ್‌ಲ್ಯಾಂಡ್, ಅವರಿಗೆ 1971ರ ನೊಬೆಲ್ ಬಂತು. ಅಂದಹಾಗೆ ಸ್ನಾಯುಗಳಲ್ಲಿ ಲಿವರ್‌ಗಿಂತ ಜಾಸ್ತಿ ಗ್ಲೈಕೋಜನ್ ಇದೆ. ಆದರೆ ಅದನ್ನು ರಕ್ತಕ್ಕೆ ಬಿಡುವ ಕೊನೆಯ ಕಿಣ್ವ ಅಲ್ಲಿಲ್ಲ, ಅದು ಸ್ನಾಯುವಿನ ಸ್ವಂತ ಖರ್ಚಿಗೆ ಮಾತ್ರ.

ನಮ್ಮ ಮೈಯೇ ಗ್ಲುಕಗಾನ್ ಮಾಡುತ್ತದಲ್ಲ, ಮತ್ತೆ ಹೊರಗಿಂದ ಯಾಕೆ? ಆಲ್ಫಾ ಕೋಶಗಳ ಪಕ್ಕದಲ್ಲೇ ಇನ್ಸುಲಿನ್ ಮಾಡುವ ಬೀಟಾ ಕೋಶಗಳಿವೆ. ಶುಗರ್ ಇಳಿದಾಗ ಪಕ್ಕದ ಮನೆಯ ಇನ್ಸುಲಿನ್ ನಿಲ್ಲುತ್ತದೆ, ಆ ನಿಶ್ಶಬ್ದವೂ ಆಲ್ಫಾ ಕೋಶಕ್ಕೆ ಒಂದು ಸೂಚನೆ. ಟೈಪ್ 1 ಕಾಯಿಲೆಯಲ್ಲಿ ಬೀಟಾ ಕೋಶಗಳೇ ನಾಶವಾಗಿರುತ್ತವೆ, ಇನ್ಸುಲಿನ್ ಸೂಜಿಯಿಂದ ಬಂದಿರುತ್ತದೆ, ಶುಗರ್ ಎಷ್ಟೇ ಇಳಿದರೂ ಅದು ನಿಲ್ಲುವುದಿಲ್ಲ. ಹಾಗಾಗಿ ಕೆಲವೇ ವರ್ಷಗಳಲ್ಲಿ, ಲೋ ಶುಗರ್ ಆದಾಗ ಗ್ಲುಕಗಾನ್ ಬಿಡುವ ಶಕ್ತಿಯೇ ಹೆಚ್ಚಿನವರಲ್ಲಿ ಹೋಗಿಬಿಡುತ್ತದೆ. ಕಾವಲುಗಾರ ಬದುಕಿದ್ದಾನೆ, ಅವನಿಗೆ ಸುದ್ದಿ ಮುಟ್ಟುತ್ತಿಲ್ಲ. ಮೇಲಿಂದ ಮೇಲೆ ಲೋ ಆಗುತ್ತಿದ್ದರೆ ಬೆವರು, ನಡುಕದ ಮುನ್ಸೂಚನೆಯೂ ಮಾಯವಾಗುತ್ತದೆ. ಆಗ ಪಕ್ಕದಲ್ಲಿರುವವರೇ ಕಾವಲು.

ಕೊಡುವುದು ಕಷ್ಟವಲ್ಲ. ಹಳೆಯ ರೀತಿಯ ಡಬ್ಬಿಯಲ್ಲಿ ಒಂದು ಪುಟ್ಟ ಸೀಸೆ, ತಳದಲ್ಲಿ ಬಿಳಿ ಪುಡಿ ಬಿಲ್ಲೆಯಂತೆ ಅಂಟಿಕೊಂಡಿರುತ್ತದೆ. ಜೊತೆಗೆ ನೀರು ತುಂಬಿದ ಸಿರಿಂಜ್. ನೀರಿನಲ್ಲಿ ಇಟ್ಟರೆ ಗ್ಲುಕಗಾನ್ ನಾರುನಾರಾಗಿ ಗಂಟು ಕಟ್ಟುತ್ತದೆ, ಅದಕ್ಕೇ ಪುಡಿ ಬೇರೆ, ನೀರು ಬೇರೆ. ನೀರನ್ನು ಸೀಸೆಗೆ ಬಿಟ್ಟು, ಪುಡಿ ಕರಗುವವರೆಗೆ ಮೆಲ್ಲಗೆ ತಿರುಗಿಸಬೇಕು. ದ್ರವ ತಿಳಿಯಾಗಿರಬೇಕು. ಅದನ್ನೇ ಮತ್ತೆ ಸಿರಿಂಜಿಗೆ ಎಳೆದು ತೊಡೆಯ ಹೊರಬದಿಗೋ ತೋಳಿಗೋ ಕೊಡುವುದು, ರಕ್ತನಾಳ ಹುಡುಕುವ ಗೋಜಿಲ್ಲ. ದೊಡ್ಡವರಿಗೆ 1 ಮಿಲಿಗ್ರಾಂ, ಚಿಕ್ಕ ಮಕ್ಕಳಿಗೆ ಅರ್ಧ. ಮಗುವಿನ ತೂಕಕ್ಕೆ ಎಷ್ಟು ಅಂತ ವೈದ್ಯರಿಂದ ಮೊದಲೇ ಬರೆಸಿಟ್ಟುಕೊಳ್ಳಿ. ಕೊಟ್ಟ ತಕ್ಷಣ ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಯಾಕೆಂದರೆ ವಾಂತಿ ಆಗುವುದುಂಟು. ಆಂಬುಲೆನ್ಸಿಗೆ ಫೋನ್ ಮಾಡಿ. 15 ನಿಮಿಷವಾದರೂ ಎಚ್ಚರ ಬರದಿದ್ದರೆ, ಇನ್ನೊಂದು ಡಬ್ಬಿ ಇದ್ದರೆ ಅದನ್ನೂ ಕೊಡಬಹುದು. 2019ರಿಂದ ಮೂಗಿಗೆ ಒತ್ತುವ 3 ಮಿಲಿಗ್ರಾಂ ಪುಡಿಯೂ ಬಂದಿದೆ, ರೋಗಿ ಉಸಿರೆಳೆದುಕೊಳ್ಳಬೇಕಾಗಿಲ್ಲ, ಮೂಗಿನ ಒಳಪದರವೇ ಹೀರಿಕೊಳ್ಳುತ್ತದೆ. ಬೆರೆಸುವ ಕೆಲಸವಿಲ್ಲದ ಸಿದ್ಧ ಇಂಜೆಕ್ಷನ್‌ಗಳೂ ಇವೆ.

ಪ್ರಜ್ಞೆ ಇಲ್ಲದವರ ಬಾಯಿಗೆ ಮಾತ್ರ ಏನನ್ನೂ ಹಾಕಬೇಡಿ, ಹನಿ ನೀರು ಕೂಡ. ನುಂಗಲು ಆಗದೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಎಚ್ಚರ ಇದ್ದು ನುಂಗಬಲ್ಲವರಿಗಾದರೆ 15 ಗ್ರಾಂ ಸಕ್ಕರೆ ಸಾಕು, ಇಂಜೆಕ್ಷನ್ ಬೇಕಿಲ್ಲ. ಇನ್ನು ಆ "ಜಾಸ್ತಿ ಆಗಿರಬೇಕು" ಎಂಬ ಮಾತು. ಶುಗರ್ ಏರಿ ಪ್ರಜ್ಞೆ ತಪ್ಪಲು ಸಾಮಾನ್ಯವಾಗಿ ಗಂಟೆಗಳು, ದಿನಗಳು ಬೇಕು. ಇಳಿದು ತಪ್ಪಲು ನಿಮಿಷಗಳು ಸಾಕು. ಇನ್ಸುಲಿನ್ ತೆಗೆದುಕೊಳ್ಳುವವರು ಇದ್ದಕ್ಕಿದ್ದಂತೆ ಕುಸಿದರೆ, ಮೀಟರ್ ಕೈಗೆ ಸಿಗದಿದ್ದರೆ, ಲೋ ಎಂದೇ ತಿಳಿದು ನಡೆದುಕೊಳ್ಳಿ.

ಕೀಲಿ ಎಷ್ಟೇ ಒಳ್ಳೆಯದಿದ್ದರೂ ಉಗ್ರಾಣ ಬರಿದಾಗಿದ್ದರೆ ಪ್ರಯೋಜನವಿಲ್ಲ. ದೀರ್ಘ ಉಪವಾಸ, ಏನೂ ತಿನ್ನದೆ ವಿಪರೀತ ಕುಡಿದದ್ದು, ಗಂಟೆಗಟ್ಟಲೆ ಮೈದಂಡಿಸಿದ್ದು, ಇಂಥ ಕಡೆ ಗ್ಲುಕಗಾನ್ ಸೋಲಬಹುದು. ಆಗ ಆಸ್ಪತ್ರೆಯಲ್ಲಿ ರಕ್ತನಾಳಕ್ಕೆ ನೇರವಾಗಿ ಡೆಕ್ಸ್‌ಟ್ರೋಸ್, ಅಂದರೆ ಗ್ಲೂಕೋಸ್, ಕೊಡಬೇಕು. ಗ್ಲಿಬೆನ್‌ಕ್ಲಮೈಡ್, ಗ್ಲಿಮಿಪಿರೈಡ್ ಥರದ ಶುಗರ್ ಮಾತ್ರೆಗಳಿಂದ ಲೋ ಆದವರನ್ನು ಎಚ್ಚರವಾದ ಮೇಲೂ ಆಸ್ಪತ್ರೆಗೆ ಕರೆದೊಯ್ಯಲೇಬೇಕು, ಮಾತ್ರೆಯ ಪ್ರಭಾವ ಗಂಟೆಗಟ್ಟಲೆ ಉಳಿದು ಶುಗರ್ ಮತ್ತೆ ಬೀಳುತ್ತದೆ.

ಗೆಳೆಯ 12 ನಿಮಿಷಕ್ಕೆ ಕಣ್ಣು ಬಿಟ್ಟ. ಒಂದು ಸಲ ವಾಂತಿ ಮಾಡಿದ. ಎದ್ದು ಕೂತ ಮೇಲೆ ಮೊದಲು ಸಿಹಿ, ಆಮೇಲೆ ಊಟ, ಖಾಲಿಯಾದ ಉಗ್ರಾಣ ಮತ್ತೆ ತುಂಬಬೇಕಲ್ಲ. "ನಿಮ್ಮ ಕೈ ಒಂಚೂರೂ ನಡುಗಲಿಲ್ಲ" ಎಂದು ಅವನ ಹೆಂಡತಿಗೆ ಹೇಳಿದೆ. ಅವಧಿ ಮುಗಿದ ಹಳೆಯ ಡಬ್ಬಿಗಳನ್ನು ಅವರು ಎಸೆಯುವುದಿಲ್ಲವಂತೆ. ಅವುಗಳಲ್ಲಿ ನೀರು ಬೆರೆಸಿ, ಸಿರಿಂಜಿಗೆ ಎಳೆದು, ಮೂರು ಸಲ ಅಭ್ಯಾಸ ಮಾಡಿಟ್ಟುಕೊಂಡಿದ್ದರು.