ದೀಕ್ಷೆ ಪಡೆಯದವರನ್ನು ವಿಕ್ಕನ್ ಎನ್ನಬಹುದೇ?

ಪ್ರಶ್ನೆ: ಇಪ್ಪತ್ತನೆಯ ಶತಮಾನದಲ್ಲಿ ಬ್ರಿಟನ್ನಿನಲ್ಲಿ ರೂಪುಗೊಂಡ, ದೇವಿ ಮತ್ತು ದೇವರ ಪೂಜೆಯೊಂದಿಗೆ ಮಾಟಮಂತ್ರವನ್ನೂ ಒಳಗೊಂಡ ವಿಕ್ಕಾ ಧರ್ಮದಲ್ಲಿ ಸಾಂಪ್ರದಾಯಿಕರು ಮತ್ತು ‘ಎಕ್ಲೆಕ್ಟಿಕ್’ ಎಂದು ಕರೆದುಕೊಳ್ಳುವವರು ಎಂಬ ಎರಡು ಬಗೆಯವರಿದ್ದಾರೆಂದು ಓದಿದ್ದೇನೆ. ಯಾರಿಂದಲೂ ದೀಕ್ಷೆ ಪಡೆಯದೆ, ಪುಸ್ತಕಗಳ ನೆರವಿನಿಂದ ತಮ್ಮಷ್ಟಕ್ಕೆ ಆಚರಿಸುವವರು ನಿಜವಾದ ವಿಕ್ಕನ್ನರೇ?

ಉತ್ತರ: ಅವರು ವಿಕ್ಕನ್ನರು ಹೌದು, ಆದರೆ ಜೆರಾಲ್ಡ್ ಗಾರ್ಡ್ನರ್ ಅವರ ಹೆಸರಿನ ಗಾರ್ಡ್ನೇರಿಯನ್ ಅಥವಾ ಅದರಿಂದ ಅಲೆಕ್ಸ್ ಸ್ಯಾಂಡರ್ಸ್ ಬೆಳೆಸಿದ ಅಲೆಕ್ಸಾಂಡ್ರಿಯನ್ ಪಂಥದವರೆಂದು ಹೇಳಿಕೊಳ್ಳುವಂತಿಲ್ಲ. ಈ ವಿಷಯವಾಗಿ ನಡೆಯುವ ವಾಗ್ವಾದಗಳಲ್ಲಿ ಹೆಚ್ಚಿನವು ಧರ್ಮದ ಹೆಸರನ್ನೂ ಪಂಥದ ಹೆಸರನ್ನೂ ಒಂದೇ ಎಂದು ಭಾವಿಸುವುದರಿಂದ ಹುಟ್ಟುತ್ತವೆ ಎಂಬುದು ನನ್ನ ಅಭಿಪ್ರಾಯ.

ಬ್ರಿಟಿಷರ ಆಳ್ವಿಕೆಯಲ್ಲಿದ್ದ ಮಲಯದಲ್ಲಿ (ಇಂದಿನ ಮಲೇಷ್ಯಾ) ಸುಂಕದ ಅಧಿಕಾರಿಯಾಗಿದ್ದು 1936ರಲ್ಲಿ ನಿವೃತ್ತರಾಗಿ ಇಂಗ್ಲೆಂಡಿಗೆ ಮರಳಿದ ಜೆರಾಲ್ಡ್ ಗಾರ್ಡ್ನರ್, 1939ರಲ್ಲಿ ದಕ್ಷಿಣ ಇಂಗ್ಲೆಂಡಿನ ನ್ಯೂ ಫಾರೆಸ್ಟ್ ಪ್ರದೇಶದ ಗುಂಪೊಂದರಿಂದ ತಮಗೆ ದೀಕ್ಷೆಯಾಯಿತೆಂದು ಹೇಳುತ್ತಿದ್ದರು. ಬ್ರಿಟನ್ನಿನಲ್ಲಿ 1735ರ ಮಾಟಮಂತ್ರ ಕಾಯ್ದೆ 1951ರಲ್ಲಿ ರದ್ದಾದ ಮೇಲೆ ಅವರು ಈ ಧರ್ಮದ ಬಗ್ಗೆ ಬಹಿರಂಗವಾಗಿ ಬರೆಯತೊಡಗಿದರು. ಇದು ಕ್ರೈಸ್ತಪೂರ್ವ ಕಾಲದಿಂದ ಗುಟ್ಟಾಗಿ ಉಳಿದುಬಂದ ಧರ್ಮವೆಂಬ ಅವರ ವಾದವನ್ನು ಇಂದಿನ ಇತಿಹಾಸಕಾರರು ಒಪ್ಪುವುದಿಲ್ಲ. ಹೀಗಾಗಿ ‘ಸಾಂಪ್ರದಾಯಿಕ’ ಎಂದಾಗ ಸಾವಿರಾರು ವರ್ಷಗಳ ಪರಂಪರೆಯನ್ನು ಕಲ್ಪಿಸಿಕೊಳ್ಳಬೇಕಾಗಿಲ್ಲ; ಗಾರ್ಡ್ನರ್ ಅವರಿಂದ ಇಂದಿನವರೆಗೆ ದೀಕ್ಷೆಯ ಸರಪಳಿ ಕಡಿಯದೆ ಬಂದಿದೆ ಎಂಬುದಷ್ಟೇ ಅದರ ಅರ್ಥ.

ಈ ಸರಪಳಿಯೇ ಸಾಂಪ್ರದಾಯಿಕರಿಗೆ ಮುಖ್ಯ. ‘ಕವೆನ್’ ಎಂಬ ಸಣ್ಣ ಗುಂಪಿಗೆ ಸೇರಿದ ಅಭ್ಯರ್ಥಿಯು ಮೂರು ಹಂತಗಳ ದೀಕ್ಷೆಯನ್ನು ಒಂದೊಂದಾಗಿ ಪಡೆಯಬೇಕು. ರೂಢಿಯಂತೆ ಪುರುಷನಿಗೆ ಸ್ತ್ರೀಯೂ ಸ್ತ್ರೀಗೆ ಪುರುಷನೂ ದೀಕ್ಷೆ ಕೊಡುತ್ತಾರೆ. ‘ಬುಕ್ ಆಫ್ ಶ್ಯಾಡೋಸ್’ ಎಂಬ ವಿಧಿಗಳ ಪುಸ್ತಕವನ್ನು ಶಿಷ್ಯರು ಕೈಯಿಂದ ನಕಲು ಮಾಡಿಕೊಂಡು, ಹೊರಗಿನವರಿಗೆ ತೋರಿಸುವುದಿಲ್ಲವೆಂದು ಪ್ರಮಾಣ ಮಾಡುತ್ತಾರೆ. ಅದರ ಪಠ್ಯದ ಹಲವು ಭಾಗಗಳು ಎಂದೋ ಅಚ್ಚಾಗಿ ಬಯಲಿಗೆ ಬಂದಿವೆಯಾದರೂ ಸಾಂಪ್ರದಾಯಿಕರ ನಿಲುವು ಬದಲಾಗಿಲ್ಲ. ಗುರುಮುಖದಿಂದ ಬಾರದ ಮಂತ್ರ ಫಲಿಸದು ಎಂಬ ನಮ್ಮ ಕಡೆಯ ನಂಬಿಕೆಯನ್ನು ಬಲ್ಲವರಿಗೆ ಈ ಹಠ ವಿಚಿತ್ರವಾಗಿ ತೋರಲಾರದು.

ಎಕ್ಲೆಕ್ಟಿಕ್ ಮಾರ್ಗದವರು ಬೇರೆ ಬೇರೆ ಮೂಲಗಳಿಂದ ತಮಗೆ ಒಪ್ಪಿದ್ದನ್ನು ಆಯ್ದುಕೊಂಡು ಒಬ್ಬರೇ ಆಗಲಿ, ಕೆಲವರು ಕೂಡಿಯಾಗಲಿ ಆಚರಿಸುತ್ತಾರೆ. ದೀಕ್ಷೆಯ ಬದಲು ತಾವೇ ದೇವಿ ಮತ್ತು ದೇವರ ಮುಂದೆ ಸಂಕಲ್ಪ ಮಾಡಿಕೊಳ್ಳುತ್ತಾರೆ. 1988ರಲ್ಲಿ ಅಮೆರಿಕದ ಸ್ಕಾಟ್ ಕನಿಂಗ್‌ಹ್ಯಾಮ್ ಒಂಟಿ ಸಾಧಕರಿಗಾಗಿಯೇ ಬರೆದ ಕೈಪಿಡಿ ಈ ಮಾರ್ಗವನ್ನು ಬಹಳ ಜನರಿಗೆ ತಲುಪಿಸಿತು. ಆದರೂ ಈ ಮಾರ್ಗದವರು ವೃತ್ತ ರಚಿಸಿ ನಾಲ್ಕು ದಿಕ್ಕುಗಳನ್ನು ಆಹ್ವಾನಿಸುವ ಕ್ರಮವಾಗಲಿ, ಹುಣ್ಣಿಮೆಯ ಕೂಟವಾಗಲಿ, ಸಾವಿನ್ (Samhain), ಬೆಲ್ಟೇನ್ ಮುಂತಾದ ಋತುಹಬ್ಬಗಳೂ ಸೂರ್ಯನ ಅಯನ, ವಿಷುವಗಳೂ ಸೇರಿದ ಎಂಟು ಹಬ್ಬಗಳ ವರ್ಷಚಕ್ರವಾಗಲಿ ಬಹುಮಟ್ಟಿಗೆ ಗಾರ್ಡ್ನರ್ ಅವರ ಬಳಗದಲ್ಲಿ ರೂಪುಗೊಂಡವೇ.

ಇನ್ನೊಂದು ಕಡೆ, ಆ ಬಳಗದ ವಿಧಿಗಳೂ ಹಲವೆಡೆಯಿಂದ ಕೂಡಿಬಂದವು. ಮೂರು ಹಂತಗಳ ದೀಕ್ಷೆಯಲ್ಲಿ ಫ್ರೀಮೇಸನ್ನರೆಂಬ ಯುರೋಪಿನ ಗುಪ್ತ ಸೋದರ ಸಂಘದವರ ಛಾಯೆ ಇದೆ; ಸಲಕರಣೆಗಳಲ್ಲಿ ಯುರೋಪಿನ ಹಳೆಯ ಮಂತ್ರಗ್ರಂಥಗಳ ಪ್ರಭಾವವಿದೆ. 1953ರಲ್ಲಿ ದೀಕ್ಷೆ ಪಡೆದ ಡೋರೀನ್ ವ್ಯಾಲಿಯಂಟೆ, ಪುರಾತನವೆನ್ನಲಾಗುತ್ತಿದ್ದ ಪಠ್ಯದಲ್ಲಿ ಇಪ್ಪತ್ತನೆಯ ಶತಮಾನದ ಇಂಗ್ಲಿಷ್ ಮಾಂತ್ರಿಕ ಅಲೆಸ್ಟರ್ ಕ್ರೌಲಿಯ ಸಾಲುಗಳನ್ನು ಗುರುತಿಸಿ ಗಾರ್ಡ್ನರ್ ಅವರನ್ನೇ ನೇರವಾಗಿ ಕೇಳಿದರು. ಕೊನೆಗೆ ಆ ಭಾಗಗಳನ್ನು ತಿದ್ದಿ ಬರೆಯುವ ಹೊಣೆ ವ್ಯಾಲಿಯಂಟೆ ಅವರ ಪಾಲಿಗೇ ಬಂತು. ಇಂದು ಸಾಂಪ್ರದಾಯಿಕರು ಭಕ್ತಿಯಿಂದ ಹೇಳುವ ಹಲವು ಸಾಲುಗಳು ಅವರವು. ಅದೇ ವ್ಯಾಲಿಯಂಟೆ 1978ರಲ್ಲಿ ಸ್ವಯಂದೀಕ್ಷೆಯ ವಿಧಿಯನ್ನು ಪ್ರಕಟಿಸಿದರು. ಗಾರ್ಡ್ನೇರಿಯನ್ ಪಂಥವನ್ನು 1960ರ ದಶಕದಲ್ಲಿ ಅಮೆರಿಕಕ್ಕೆ ಒಯ್ದ ರೇಮಂಡ್ ಬಕ್‌ಲ್ಯಾಂಡ್ ಕೂಡ ಮುಂದೆ ಸ್ವಯಂದೀಕ್ಷೆಗೆ ಅವಕಾಶವಿರುವ ‘ಸೀಕ್ಸ್-ವಿಕ್ಕಾ’ವನ್ನು ಸ್ಥಾಪಿಸಿದರು. ಪರಂಪರೆಯ ಒಳಗಿದ್ದವರೇ ಬಾಗಿಲು ತೆರೆದ ಮೇಲೆ, ಆ ಬಾಗಿಲಿನಿಂದ ಬಂದವರನ್ನು ಹೊರಗಿನವರೆನ್ನುವುದು ನನಗೆ ನ್ಯಾಯವೆನಿಸುವುದಿಲ್ಲ.

ಹಾಗೆಂದು ಎಕ್ಲೆಕ್ಟಿಕ್ ಮಾರ್ಗದಲ್ಲಿ ತೊಡಕುಗಳಿಲ್ಲವೆಂದಲ್ಲ. ಕನ್ನಡ ಓದುಗರಿಗೆ ಹತ್ತಿರದ ಉದಾಹರಣೆ ಕಾಳಿಯದು. ಪಾಶ್ಚಾತ್ಯ ಸಾಧಕರಲ್ಲಿ ಕೆಲವರು ಕನ್ಯೆ, ತಾಯಿ, ಮುದುಕಿ ಎಂಬ ತ್ರಿರೂಪದ ದೇವಿಯ ಕಲ್ಪನೆಯಲ್ಲಿ ಕಾಳಿಯನ್ನು ಮುದುಕಿಯ ಸ್ಥಾನದಲ್ಲಿ ಕೂರಿಸುತ್ತಾರೆ. ಭಕ್ತರು ‘ಅಮ್ಮ’ ಎಂದೇ ಕರೆಯುವ ದೇವತೆ ಅಲ್ಲಿ ಸಾವು ಮತ್ತು ವಿನಾಶಗಳ ಸಂಕೇತವಾಗಿಯಷ್ಟೇ ಉಳಿಯುತ್ತಾಳೆ. ಆಯ್ದುಕೊಳ್ಳುವುದು ತಪ್ಪಲ್ಲ, ಆಯ್ದುಕೊಂಡದ್ದರ ಹಿಂದುಮುಂದನ್ನು ತಿಳಿಯದಿರುವುದು ತಪ್ಪು. ಎಲ್ಲರೂ ಒಂದೇ ವಿಧಿಯನ್ನು ವರ್ಷಗಳ ಕಾಲ ಕೂಡಿ ಮಾಡುವ ಕವೆನ್‌ನಲ್ಲಿ ಇಂಥ ತಪ್ಪನ್ನು ತಿದ್ದಲು ಹಿರಿಯರಿರುತ್ತಾರೆ. ಒಂಟಿ ಸಾಧಕರು ಆ ಕೆಲಸವನ್ನು ಓದಿನಿಂದಲೇ ಮಾಡಿಕೊಳ್ಳಬೇಕಾಗುತ್ತದೆ.

ದೀಕ್ಷೆಯೇ ಬೇಕೆನ್ನುವವರು ಕವೆನ್ ಒಂದನ್ನು ಹುಡುಕಿ, ಅವರ ಪರಿಚಯ ಬೆಳೆಸಿಕೊಂಡು, ಅವರು ಒಪ್ಪುವವರೆಗೆ ಕಾಯಬೇಕಾಗುತ್ತದೆ. ಕೇಳಿದ ಮಾತ್ರಕ್ಕೆ ಕೊಡುವ ವಾಡಿಕೆಯಿಲ್ಲ. ದೀಕ್ಷೆಗೆ ಶುಲ್ಕ ವಿಧಿಸುವುದು ಗಾರ್ಡ್ನೇರಿಯನ್ ರೂಢಿಗೆ ವಿರುದ್ಧ. ಆದ್ದರಿಂದ ಹಣ ಪಡೆದು ಅಂಚೆಯಲ್ಲೋ ಅಂತರ್ಜಾಲದಲ್ಲೋ ಗಾರ್ಡ್ನೇರಿಯನ್ ದೀಕ್ಷೆಯ ಪ್ರಮಾಣಪತ್ರ ಕಳಿಸುತ್ತೇವೆ ಎನ್ನುವವರನ್ನು ನಂಬಬೇಡಿ.