ಲಾರಿ ತಿರುಗುವಷ್ಟು ಜಾಗ

"ಸಾರ್, ನಮ್ಮೂರ ಬೆಟ್ಟ ನೋಡಿ, ಎಷ್ಟು ಚೆನ್ನಾಗಿದೆ. ಶೂಟಿಂಗ್‌ಗೆ ಬನ್ನಿ." ಇಂಥ ಮೆಸೇಜ್ ನನಗೆ ಆಗಾಗ ಬರುತ್ತವೆ. ಗುಡಿಬಂಡೆಯಿಂದ, ಮುಳಬಾಗಿಲಿನಿಂದ, ಮಧುಗಿರಿಯಿಂದ. ಜೊತೆಗೆ ಸೂರ್ಯ ಹುಟ್ಟುವ ಹೊತ್ತಿನ ಒಂದು ಫೋಟೊ. ಫೋಟೊ ನಿಜಕ್ಕೂ ಚೆನ್ನಾಗಿರುತ್ತದೆ. ನಾನು ವಾಪಸ್ ಕೇಳುವ ಮೊದಲ ಪ್ರಶ್ನೆ ಮಾತ್ರ ಯಾವಾಗಲೂ ಒಂದೇ: ಅಲ್ಲಿ ಲಾರಿ ತಿರುಗುತ್ತದಾ?

ಚಿಕ್ಕಬಳ್ಳಾಪುರದಲ್ಲಿದ್ದುಕೊಂಡು ಸಿನಿಮಾ, ಸೀರಿಯಲ್‌ಗಳಿಗೆ ಲೊಕೇಶನ್ ಹುಡುಕುವುದು ನನ್ನ ಕೆಲಸ. ಚೆಂದದ ಜಾಗ ಕಂಡರೆ ಕ್ಯಾಮೆರಾ ತಾನಾಗಿ ಬರುತ್ತದೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಕ್ಯಾಮೆರಾ ಏನೋ ಒಂದು ಪೆಟ್ಟಿಗೆಯಲ್ಲಿ ಬರುತ್ತದೆ. ಅದರ ಹಿಂದೆ ಜನರೇಟರ್ ಗಾಡಿ, ಲೈಟ್‌ಗಳ ಲಾರಿ, ಆರ್ಟ್‌ನವರ ಟೆಂಪೊ, ಕ್ಯಾರವಾನ್, ಊಟದ ವ್ಯಾನ್ ಎಲ್ಲಾ ಬರುತ್ತವೆ. ಇವು ಒಳಗೆ ಹೋಗಬೇಕು, ನಿಲ್ಲಬೇಕು, ಕತ್ತಲಾದ ಮೇಲೆ ತಿರುಗಿಸಿಕೊಂಡು ಬರಬೇಕು. ಲೈಟ್ ಲಾರಿ ಕೊನೆಯ ಅರ್ಧ ಕಿಲೋಮೀಟರ್ ಹೋಗದಿದ್ದರೆ ಅಷ್ಟೂ ಸಾಮಾನು ಹುಡುಗರ ಹೆಗಲ ಮೇಲೆ ಹೋಗಬೇಕು. ಅಷ್ಟು ಹೊತ್ತಿಗೆ ಬೆಳಗಿನ ಒಳ್ಳೆ ಬೆಳಕು ಮುಗಿದೇ ಹೋಗಿರುತ್ತದೆ.

ಎರಡನೆಯ ಪ್ರಶ್ನೆ ದೂರದ್ದು. ಬೆಂಗಳೂರಿನಿಂದ ಚಿಕ್ಕಬಳ್ಳಾಪುರ, ಕೋಲಾರ, ತುಮಕೂರು ಮೂರೂ ಹೆಚ್ಚುಕಡಿಮೆ 60–70 ಕಿಲೋಮೀಟರ್. ನಸುಕಿನಲ್ಲಿ ಹೊರಟರೆ ರಾತ್ರಿ ಮನೆ ಸೇರಬಹುದು. ಯೂನಿಟ್‌ಗೆ ರೂಮ್ ಮಾಡಬೇಕಿಲ್ಲ, ಹೊರಗೆ ತಂಗಿದರೆ ಕೊಡಬೇಕಾದ ಔಟ್‌ಡೋರ್ ಬಾಟಾ (ಭತ್ಯೆ) ಉಳಿಯುತ್ತದೆ. ಹಾಲಿವುಡ್‌ನಲ್ಲಿ ಇದಕ್ಕೆ ಲೆಕ್ಕವೇ ಇದೆ. ಲಾಸ್ ಏಂಜಲೀಸ್‌ನ ಒಂದು ರಸ್ತೆ ಕೂಡಿನಿಂದ ಸುತ್ತ 30 ಮೈಲಿ ಒಳಗೆ ಶೂಟ್ ಮಾಡಿದರೆ ಅದು ಸ್ಥಳೀಯ ಕೆಲಸ. ಅದನ್ನು ದಾಟಿದರೆ ಕೆಲಸಗಾರರಿಗೆ ಪ್ರಯಾಣ, ವಸತಿಯ ಲೆಕ್ಕ ಬೇರೆಯಾಗುತ್ತದೆ. 1927ರಲ್ಲಿ ಪ್ಯಾರಾಮೌಂಟ್ ಸ್ಟುಡಿಯೋದ ಒಂದು ನಕ್ಷೆ ಬಂದಿತ್ತು. ಕ್ಯಾಲಿಫೋರ್ನಿಯಾದ ಯಾವ ಮೂಲೆ ಸಹಾರಾ ಆಗಬಹುದು, ಯಾವುದು ಸೈಬೀರಿಯಾ, ಯಾವುದು ಕೆಂಪು ಸಮುದ್ರ ಅಂತ ಅದರಲ್ಲಿ ಗುರುತು ಮಾಡಿದ್ದರು. ನನ್ನ ತಲೆಯಲ್ಲೂ ಅಂಥದೊಂದು ನಕ್ಷೆ ಇದೆ. ಮುಳಬಾಗಿಲು ಹತ್ತಿರದ ಆವಣಿಯ ಬಂಡೆಗಳು ಪುರಾಣದ ಕಾಡು. ನಂದಿ ಹಾಲ್ಟ್ ಸ್ಟೇಷನ್ ಹಳೆಯ ಕಾಲದ ಯಾವ ಊರಾದರೂ ಆಗಬಹುದು, ದಿನಕ್ಕೆ ಕೆಲವೇ ರೈಲು. ಮಧುಗಿರಿ ಏಕಶಿಲೆಯ ಕೋಟೆ ರಾಜರ ಕತೆಗೆ ಹೇಳಿ ಮಾಡಿಸಿದ ಹಾಗಿದೆ, ಆದರೆ ಮೇಲೆ ಹತ್ತುವ ಹೊತ್ತಿಗೆ ಅರ್ಧ ಕಾಲ್‌ಶೀಟ್, ಅಂದರೆ ಅವತ್ತಿನ ಕೆಲಸದ ಅರ್ಧ ಹೊತ್ತು, ಮುಗಿಯುತ್ತದೆ. ಹಾಗಾಗಿ ಕೆಳಗಿನ ಬಾಗಿಲುಗಳೇ ಜಾಸ್ತಿ ಬಳಕೆಗೆ ಬರುವುದು.

ದೊಡ್ಡ ದುಡ್ಡಿನವರು ಈ ಲೆಕ್ಕ ಹಾಕುವುದಿಲ್ಲ ಅಂದುಕೊಳ್ಳಬೇಡಿ. 1973ರಲ್ಲಿ 'ಶೋಲೆ' ತಂಡ ರಾಮನಗರದ ಬಂಡೆಗಳ ನಡುವೆ ಒಂದು ಊರನ್ನೇ ಕಟ್ಟಿತು. ಬಂಡೆ ಸಿಕ್ಕರೆ ಸಾಕಾಗಲಿಲ್ಲ. ಬೆಂಗಳೂರಿನ ಹೆದ್ದಾರಿಯಿಂದ ಸೆಟ್‌ವರೆಗೆ ರಸ್ತೆಯನ್ನೂ ಮಾಡಿಸಬೇಕಾಯಿತು. ಜೈಲಿನ ಸೆಟ್ ಹಾಕಿದ್ದು ಮುಂಬೈನ ಸ್ಟುಡಿಯೋ ಹತ್ತಿರ. ಅದನ್ನೂ ಬಯಲಲ್ಲೇ ಹಾಕಿದರು, ಇಲ್ಲಿನ ಬಿಸಿಲಿಗೆ ಅಲ್ಲಿನ ಬಿಸಿಲು ಹೊಂದಲಿ ಅಂತ. ಬೆಳಕು ಬೇರೆಯಾದರೆ ನೋಡುವವರ ಕಣ್ಣಿಗೆ ಏನೋ ತಪ್ಪಿದೆ ಅಂತ ಗೊತ್ತಾಗಿಬಿಡುತ್ತದೆ, ಏನು ಅಂತ ಹೇಳಲು ಬಾರದಿದ್ದರೂ.

ನಮ್ಮ ಕಡೆ ಮೊದಲು ಸುಲಭವಾಗಿ ಸಿಗುತ್ತಿದ್ದದ್ದು ಒಣ ಕೆರೆ. ಕೆರೆಯಂಗಳ ಸಮತಟ್ಟು, ಸುತ್ತ ಕರೆಂಟ್ ಕಂಬ ಇಲ್ಲ, ಏರಿ ಮೇಲೆ ಗಾಡಿ ಹೋಗುತ್ತದೆ. ಫೈಟ್ ಇರಲಿ, ಜಾತ್ರೆ ಸೆಟ್ ಇರಲಿ, ಕೋಲಾರದ ಕಡೆ ಹೋದರೆ ಒಂದು ಅಂಗಳ ಸಿಗುತ್ತಿತ್ತು. 2018ರಲ್ಲಿ ಅಲ್ಲಿನ ಕೆರೆಗಳಿಗೆ ಕೆ.ಸಿ. ವ್ಯಾಲಿ ಯೋಜನೆಯ ನೀರು ಬಂತು. ಆಮೇಲೆ ಎಚ್.ಎನ್. ವ್ಯಾಲಿ ಯೋಜನೆಯ ನೀರು ನಮ್ಮ ಚಿಕ್ಕಬಳ್ಳಾಪುರದ ಕೆರೆಗಳಿಗೂ ಬಂತು. ವರ್ಷಗಟ್ಟಲೆ ಜಾಲಿ ಬೆಳೆದು ನಿಂತಿದ್ದ ಕೆರೆ ಒಂದು ದಿನ ತುಂಬಿ ಹೊಳೆಯುತ್ತಿತ್ತು. ಏರಿ ಮೇಲೆ ನಿಂತು ಸುಮ್ನೆ ನೋಡಿದೆ. ನನ್ನ ಜಾಗ ಹೋಯಿತು, ಆದರೆ ಅವತ್ತಿನಷ್ಟು ಖುಷಿ ಯಾವ ಒಳ್ಳೆ ಲೊಕೇಶನ್ ಸಿಕ್ಕಾಗಲೂ ಆಗಿಲ್ಲ. ಒಂದು ಎಚ್ಚರಿಕೆ ಮಾತ್ರ ಹೇಳಲೇಬೇಕು. ಅದು ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತದಲ್ಲಿ ಶುದ್ಧ ಮಾಡಿ ಬಿಟ್ಟ ನೀರು. ಮೂರನೇ ಹಂತವೂ ಆಗಲಿ ಅಂತ ರೈತರು ಕೇಳುತ್ತಲೇ ಇದ್ದಾರೆ. ಕೆರೆ ದಡದಲ್ಲಿ ಸೀನ್ ತೆಗೆಯಿರಿ. ಕಲಾವಿದರನ್ನು ನೀರಿಗೆ ಇಳಿಸಬೇಡಿ.

ಕೆಜಿಎಫ್‌ನ ಸೈನೈಡ್ ಗುಡ್ಡಗಳ ಮಾತೂ ಹೀಗೇ. 'ಕೆಜಿಎಫ್' ಸಿನಿಮಾ 2018ರಲ್ಲಿ ಬಂದ ಮೇಲೆ ಎಲ್ಲರಿಗೂ ಅಂಥದೇ ಮಣ್ಣು ಬೇಕು. ಅದು ಗುಡ್ಡವೇ ಅಲ್ಲ. ಗಣಿಯಿಂದ ತೆಗೆದ ಕಲ್ಲನ್ನು ಪುಡಿ ಮಾಡಿ, ಸೈನೈಡ್ ನೀರಿನಲ್ಲಿ ಚಿನ್ನ ಬಿಡಿಸಿಕೊಂಡು, ಉಳಿದ ಪುಡಿಯನ್ನು ದಶಕಗಟ್ಟಲೆ ರಾಶಿ ಹಾಕಿದ್ದು. 2001ರ ಫೆಬ್ರವರಿಯಲ್ಲಿ ಗಣಿ ಮುಚ್ಚಿತು, ರಾಶಿ ಹಾಗೇ ಉಳಿಯಿತು. ಗಾಳಿ ಎದ್ದರೆ ಆ ಪುಡಿ ಮೇಲೆದ್ದು ಮನೆಗಳ ಮೇಲೆ ಬೀಳುತ್ತದೆ. ಫ್ಯಾನ್ ಹಾಕಿ ಧೂಳೆಬ್ಬಿಸಿ ಅಂತ ಅಲ್ಲಿ ಯಾರಾದರೂ ಕೇಳಿದರೆ ನಾನು ಒಪ್ಪುವುದಿಲ್ಲ. ನಾವು ಮಾಸ್ಕ್ ಹಾಕಿಕೊಂಡು ಎರಡು ದಿನಕ್ಕೆ ಹೊರಡುತ್ತೇವೆ. ಅಲ್ಲಿನವರು ಅದೇ ಗಾಳಿಯಲ್ಲಿ ಮಕ್ಕಳನ್ನು ಸಾಕಬೇಕು, ಅಲ್ವಾ?

ಸೀರಿಯಲ್‌ನವರ ಲೆಕ್ಕವೇ ಬೇರೆ. ಅವರಿಗೆ ಅದೇ ಹಾಲ್, ಅದೇ ಮೆಟ್ಟಿಲು, ಅದೇ ದೇವರ ಮನೆ ವರ್ಷಗಟ್ಟಲೆ ಬೇಕು. ಹಾಗಾಗಿ ಶೂಟಿಂಗ್ ಮನೆಗಳು ಬೆಂಗಳೂರಿನ ಅಂಚಿನಲ್ಲೇ ಇರುತ್ತವೆ. ನಮ್ಮ ಕಡೆ ಬರುವುದು ಮದುವೆ, ಜಾತ್ರೆ, ತೋಟದ ಎಪಿಸೋಡ್‌ಗಳಿಗೆ. ಮನೆ ಕೊಡುವವರು ಮೊದಲೇ ಕರಾರು ಬರೆಸಿಕೊಳ್ಳಿ. ಗೋಡೆಯ ಫೋಟೊ ತೆಗೆದಿಟ್ಟುಕೊಳ್ಳಿ, ಮನೆ ಮೀಟರಿನಿಂದ ಲೈಟ್‌ಗೆ ಕರೆಂಟ್ ಕೊಡಬೇಡಿ.

ಈಗ ಗೋಡೌನ್, ಕಲ್ಯಾಣ ಮಂಟಪಗಳನ್ನೂ ಸೆಟ್ ಹಾಕುವ ಫ್ಲೋರ್ ಮಾಡಿಕೊಳ್ಳುತ್ತಾರೆ. ಅಂಥ ಕಡೆ ನಾನು ಮೊದಲು ಬಾಗಿಲು ಎಣಿಸುತ್ತೇನೆ. 1989ರ ಫೆಬ್ರವರಿ 8ರಂದು ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ ಟಿಪ್ಪು ಧಾರಾವಾಹಿಯ ಚಿತ್ರೀಕರಣದ ವೇಳೆ ಬೆಂಕಿ ಬಿದ್ದು 62 ಜನ ಸತ್ತರು. ಹಗ್ಗ, ಗೋಣಿ, ಪ್ಲೈವುಡ್, ಬಿಸಿ ಲೈಟು ಇವತ್ತಿಗೂ ಒಂದೇ ಸೂರಿನಡಿ ಇರುತ್ತವೆ. ಹೊರಗೆ ಓಡಲು ಎರಡನೇ ಬಾಗಿಲಿಲ್ಲದ ಜಾಗವನ್ನು ಎಷ್ಟೇ ಕಡಿಮೆ ಬಾಡಿಗೆಗೆ ಸಿಕ್ಕರೂ ನಾನು ತೋರಿಸುವುದಿಲ್ಲ.

ಪರ್ಮಿಷನ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಭೋಗನಂದೀಶ್ವರನ ಗುಡಿಗೆ ಕೇಂದ್ರದ ಪುರಾತತ್ವ ಇಲಾಖೆ, ಸ್ಟೇಷನ್‌ಗೆ ರೈಲ್ವೆ, ದೇವರಾಯನದುರ್ಗದ ಕಾಡಿಗೆ ಅರಣ್ಯ ಇಲಾಖೆ. ಡ್ರೋನ್ ಹಾರಿಸುವ ಮುಂಚೆ, ಎಲ್ಲಿ ಹಾರಿಸಬಹುದು ಅಂತ ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆ ನೋಡಿ.

ಆದರೆ ಪರ್ಮಿಷನ್ ಎಲ್ಲಾ ಕೈಯಲ್ಲಿದ್ದೂ ನಾನು ಒಮ್ಮೆ ತಪ್ಪು ಮಾಡಿದೆ. ಶಿಡ್ಲಘಟ್ಟದ ಕಡೆಯ ಒಂದು ಹಳ್ಳಿ. ಹೆಂಚಿನ ಮನೆಗಳ ಬೀದಿ, ಕೊನೆಯಲ್ಲಿ ಹುಣಸೆ ಮರ. ಎಲೆಗಳ ನಡುವೆ ಬೆಳಕಿನ ಕೋಲು ಕಾಣಬೇಕು ಅಂತ ಹೊಗೆ ಮೆಷಿನ್ ತರಿಸಿದ್ದೆವು. ಪಂಚಾಯಿತಿ ಪತ್ರ ಇತ್ತು, ಪೊಲೀಸರಿಗೆ ತಿಳಿಸಿದ್ದೆ, ಮನೆಯವರಿಗೆ ಬಾಡಿಗೆ ಕೊಟ್ಟಾಗಿತ್ತು. ಮೆಷಿನ್ ಶುರು ಮಾಡುವ ಹೊತ್ತಿಗೆ ಪಕ್ಕದ, ರೇಷ್ಮೆ ಹುಳ ಸಾಕುವ ಮನೆಯಿಂದ ಒಬ್ಬ ಹೆಂಗಸು ಓಡಿ ಬಂದರು. ಕೈಗೆಲ್ಲಾ ಸುಣ್ಣದ ಪುಡಿ.

"ಅಣ್ಣ, ಹೊಗೆ ಬೇಡ. ಹುಳ ಹಣ್ಣಾಗಿದೆ. ಇವತ್ತೇ ಚಂದ್ರಿಕೆಗೆ ಬಿಡ್ತಾ ಇದೀವಿ."

ಒಳಗೆ ಕರೆದು ತೋರಿಸಿದರು. ಹುಳ ಗೂಡು ಕಟ್ಟುವ ಬಿದಿರಿನ ತಟ್ಟೆಗಳು, ಅಂದರೆ ಚಂದ್ರಿಕೆಗಳು, ಗೋಡೆಗೆ ಒರಗಿದ್ದವು. ಹುಳಗಳು ಮೈ ಹಳದಿಗೆ ತಿರುಗಿ, ತಲೆ ಎತ್ತಿ ಆ ಕಡೆ ಈ ಕಡೆ ಆಡಿಸುತ್ತಿದ್ದವು, ದಾರ ಎಲ್ಲಿ ಕಟ್ಟಲಿ ಅಂತ ಹುಡುಕುವ ಹಾಗೆ. ಇಪ್ಪತ್ತೈದು ದಿನ ಹಗಲು ರಾತ್ರಿ ಸೊಪ್ಪು ಹಾಕಿ, ಒಂದೊಂದೇ ಜ್ವರ (ಹುಳ ಪೊರೆ ಬಿಡುವ ಹಂತ) ದಾಟಿಸಿದ ಬೆಳೆ. ನಮ್ಮ ಒಂದು ಶಾಟ್‌ಗೆ ಅದು ಹಾಳಾಗುತ್ತಿತ್ತು. ಡೈರೆಕ್ಟರಿಗೆ ಹೋಗಿ ಹೇಳಿದೆ. ಅವರೂ ಬಂದು ಬಾಗಿಲಲ್ಲಿ ನಿಂತು ನೋಡಿದರು. ಹೊಗೆ ಇಲ್ಲದೆ, ಬೀದಿಯ ಇನ್ನೊಂದು ಕೊನೆಯಲ್ಲಿ ಸೀನ್ ಮುಗಿಸಿದೆವು.

ಈಗ ಜಾಗ ನೋಡಿ ಬರೆದಿಡುವ ನನ್ನ ರೆಕ್ಕಿ ಪುಸ್ತಕದಲ್ಲಿ ಲಾರಿ ತಿರುಗುತ್ತದಾ ಅನ್ನುವುದರ ಕೆಳಗೇ ಇನ್ನೊಂದು ಸಾಲು ಇದೆ: ಪಕ್ಕದ ಮನೆಯಲ್ಲಿ ಹುಳ ಎಷ್ಟನೇ ಜ್ವರದಲ್ಲಿದೆ?