ಹಿಮ್ಮಡಿಯಲ್ಲಿ ಬೆಳೆದ ಎಲುಬು

ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಕಡೆಯಿಂದ ಹಿಮ್ಮಡಿ ನೋವೆಂದು ಬರುವವರಲ್ಲಿ ಹೆಚ್ಚಿನವರು ಎಕ್ಸ್‌ರೇಯನ್ನು ಮೇಜಿನ ಮೇಲಿಟ್ಟ ಮೇಲೆಯೇ ಕುಳಿತುಕೊಳ್ಳುತ್ತಾರೆ. "ಎಲುಬು ಬೆಳೆದಿದೆಯಂತೆ ಡಾಕ್ಟ್ರೇ, ಕರಗಲಿಕ್ಕೆ ಮದ್ದು ಕೊಡಿ" ಎನ್ನುತ್ತಾರೆ. ಅಂಥ ಮದ್ದು ಇಲ್ಲ, ಬಹುತೇಕ ರೋಗಿಗಳಿಗೆ ಅದರ ಅಗತ್ಯವೂ ಇಲ್ಲ.

ಸಕ್ಕರೆ ಕಾಯಿಲೆ ಇದೆಯೆಂದು ತಿಳಿದ ಮರುದಿನದಿಂದಲೇ, ಸವೆದ ಹವಾಯಿ ಚಪ್ಪಲಿಯಲ್ಲಿ ಡಾಮರು ರಸ್ತೆಯ ಏರುತಗ್ಗಿನಲ್ಲಿ ದಿನಕ್ಕೊಂದು ಗಂಟೆ ನಡೆಯತೊಡಗಿದ ಅಮ್ಮನೊಬ್ಬರು ತಂದ ಫಿಲ್ಮಿನಲ್ಲಿ ಎರಡೂ ಹಿಮ್ಮಡಿಗಳಿದ್ದವು. ನೋವು ಬಲಗಾಲಿಗೆ, ಮುಳ್ಳಿನಂತೆ ಬೆಳೆದ ದೊಡ್ಡ ಎಲುಬು ಇದ್ದದ್ದು ಎಡಗಾಲಿನಲ್ಲಿ. ಇದರಲ್ಲಿ ಅಚ್ಚರಿಯೇನೂ ಇಲ್ಲ, ನೋವೇ ಇಲ್ಲದ ಅನೇಕರಲ್ಲಿಯೂ ಆ ಮುಳ್ಳು ಇರುತ್ತದೆ.

ನೋಯುವುದು ಸಾಮಾನ್ಯವಾಗಿ ಹಿಮ್ಮಡಿಯಿಂದ ಬೆರಳುಗಳ ಬುಡದವರೆಗೆ ಹಬ್ಬಿ ಪಾದದ ಕಮಾನನ್ನು ಹಿಡಿದಿಡುವ ಪ್ಲಾಂಟರ್ ಫ್ಯಾಸಿಯಾ ಎಂಬ ದಪ್ಪ ಪಟ್ಟಿ. ರಾತ್ರಿಯಿಡೀ ಎಳೆತವಿಲ್ಲದೆ ಕುಗ್ಗಿ ಬಿಗಿದುಕೊಂಡ ಅದು ಬೆಳಗಿನ ಮೊದಲ ಹೆಜ್ಜೆಗೆ ಒಮ್ಮೆಲೇ ಎಳೆಯಲ್ಪಡುವುದರಿಂದ ಜೀವ ಹೋದಂತಾಗುತ್ತದೆ, ಹತ್ತು ಹೆಜ್ಜೆ ನಡೆದರೆ ತಗ್ಗುತ್ತದೆ. ಎಲುಬಿನ ಮುಳ್ಳೇ ಚುಚ್ಚುವುದಾದರೆ ಹತ್ತನೆಯ ಹೆಜ್ಜೆಗೂ ಚುಚ್ಚಬೇಕಿತ್ತಲ್ಲ! ಇಷ್ಟನ್ನು ಒಪ್ಪಿದವರಿಗೆ ಚಿಕಿತ್ಸೆ ಅರ್ಧ ಸುಲಭ.

ಹಾಸಿಗೆಯಿಂದ ಕಾಲು ಕೆಳಗಿಡುವ ಮೊದಲು, ನೋವಿರುವ ಪಾದವನ್ನು ಇನ್ನೊಂದು ಮೊಣಕಾಲಿನ ಮೇಲಿಟ್ಟು, ಬೆರಳುಗಳನ್ನು ಕೈಯಿಂದ ಪಾದದ ಮೇಲ್ಭಾಗದ ಕಡೆಗೆ ಬಾಗಿಸಿ 10 ಸೆಕೆಂಡು ಹಿಡಿಯಬೇಕು. ಹೀಗೆ 10 ಸಲ, ದಿನಕ್ಕೆ 3 ಹೊತ್ತು. ಗೋಡೆಗೆ ಕೈಯೂರಿ, ಹಿಮ್ಮಡಿ ಎತ್ತದೆ ಮೀನಖಂಡವನ್ನೂ ಎಳೆಯಬೇಕು. ಟೈಲ್ಸ್ ಹಾಕಿದ ಮನೆಯೊಳಗೂ ಮೆತ್ತನೆಯ ಚಪ್ಪಲಿ ಬೇಕು. ನಡಿಗೆಯನ್ನು ಪೂರ್ತಿ ಬಿಡುವುದು ಬೇಡ, ಕಡಿಮೆ ಮಾಡಿ ನಿಧಾನವಾಗಿ ಏರಿಸಿದರಾಯಿತು. ಹೆಚ್ಚಿನವರಿಗೆ ಗುಣವಾಗುತ್ತದೆ, ಆದರೆ ತಿಂಗಳುಗಳೇ ಬೇಕು. ಒಂದೇ ವಾರದಲ್ಲಿ ವ್ಯಾಯಾಮ ಬಿಟ್ಟು ಸ್ಟೀರಾಯ್ಡ್ ಇಂಜೆಕ್ಷನ್ ಕೇಳುವವರನ್ನು ಕಂಡಾಗ ನನಗೆ ಬೇಸರವಾಗುತ್ತದೆ. ಅದರಿಂದ ಕೆಲಕಾಲ ಆರಾಮ ಸಿಗಬಹುದಾದರೂ, ಪದೇಪದೇ ಕೊಟ್ಟರೆ ಆ ಪಟ್ಟಿಯೇ ಹರಿಯುವ ಅಪಾಯವಿದೆ.

ಎಲ್ಲ ಹಿಮ್ಮಡಿ ನೋವೂ ಇದೇ ಎಂದು ನಾನು ಹೇಳಲಾರೆ. ಮಲಗಿದ್ದಾಗಲೂ ನೋವು, ಊತ, ಮರಗಟ್ಟುವಿಕೆ, ಜ್ವರ ಇದ್ದರೆ, ಇಲ್ಲವೇ ಚಿಕ್ಕ ಪ್ರಾಯದಲ್ಲಿ ಎರಡೂ ಹಿಮ್ಮಡಿಗಳ ಜೊತೆ ಬೆಳಗ್ಗೆ ಸೊಂಟವೂ ಬಿಗಿಯುತ್ತಿದ್ದರೆ, ತಡಮಾಡದೆ ವೈದ್ಯರಿಗೆ ತೋರಿಸಿ.

ಆ ಅಮ್ಮ ಐದು ತಿಂಗಳ ನಂತರ ಬಂದರು. ತೋಟದ ಗುಡ್ಡ ಹತ್ತಿ ಇಳಿಯುತ್ತಿದ್ದಾರಂತೆ, ನೋವಿಲ್ಲ. "ಎಲುಬು ಕರಗಿತೋ ಎಂದು ಇನ್ನೊಂದು ಎಕ್ಸ್‌ರೇ ತೆಗೆಸುವುದಾ?" ಎಂದು ಕೇಳಿದರು. ನಾನು ಅವರನ್ನು ಕುಳ್ಳಿರಿಸಿ, ಮತ್ತೊಮ್ಮೆ ಮೊದಲಿನಿಂದ ಹೇಳಿದೆ.